ಕೋಲ್ಮನ್‌ನ ಬೆನ್ನಿಗೆ ಬಿದ್ದ ಗುರುತು

ತಪಸ್ಸುಕಾಲ ಹಿಡಿಯಿತೆಂದರೆ ನಮ್ಮ ಚರ್ಚಿನಲ್ಲಿ ಈಸ್ಟರ್‌ವರೆಗೆ ಮದುವೆ ಇಲ್ಲ. ಅದು ಹಿಡಿಯುವುದರೊಳಗೆ ಜೋಡಿಯಾಗದೆ ಉಳಿದವರ ಬೆನ್ನಿಗೆ ಮೊದಲ ಭಾನುವಾರ ಸೀಮೆಸುಣ್ಣದ ಗೀಟು ಬೀಳುತ್ತದೆ. ಯಾರು ಎಳೆದರೆಂದು ಕೇಳುವ ಹಾಗಿಲ್ಲ. ನಲವತ್ತು ದಾಟಿದ ಕೋಲ್ಮನ್‌ನ ಕೋಟು ಪ್ರತಿ ವರ್ಷ ಶಾಲೆಯ ಕಪ್ಪು ಹಲಗೆಯಾಗುತ್ತಿತ್ತು. ನಮ್ಮ ಪಕ್ಕದ ಮನೆಯ ಡೀಲಿಯಾಳನ್ನು ನೋಡಲೆಂದೇ ಅವನು ಆರು ವರ್ಷದಿಂದ ಅವರ ಒಲೆ ಮುಂದೆ ಬಂದು ಕೂರುತ್ತಿದ್ದ. ಟೀ ಕುಡಿಯುತ್ತಿದ್ದ, ಮಳೆಯ ಬಗ್ಗೆ ಎರಡು ಮಾತಾಡುತ್ತಿದ್ದ, ಎದ್ದು ಹೋಗುತ್ತಿದ್ದ. ಇಂಥ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಡೀಲಿಯಾಗೆ ಮಾತ್ರ ಅವನೇ ಬೇಕು.

ಆ ವರ್ಷ ಅವಳಪ್ಪ ಫೆಸ್ಟಸ್‌ನ ತಾಳ್ಮೆ ಮುಗಿಯಿತು. ಅವನು ದನದ ವ್ಯಾಪಾರಿ. ಸಂತೆಯಲ್ಲಿ ಕೊಂಡ ದನದ ಬೆನ್ನಿಗೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದು ಒಳಗೆ ಕತ್ತರಿ ಗೀಟು ಹಾಕುತ್ತಿದ್ದ. ಆ ಗುರುತು ಬಿದ್ದ ಮೇಲೆ ಆ ದನವನ್ನು ಇನ್ನೊಬ್ಬರು ಕೇಳುತ್ತಿರಲಿಲ್ಲ, ಅವನೂ ಮಾತು ತಪ್ಪುತ್ತಿರಲಿಲ್ಲ. ಅಂಥವನು ದಲ್ಲಾಳಿ ಹಿಡಿದು ಮಗಳಿಗೆ ಆಸ್ಟಿನ್ ಎಂಬ ವಿಧುರನನ್ನು ನೋಡಿದ. ಗೀಟು ಬೀಳುವ ಆ ಭಾನುವಾರವೇ ಪೂಜೆ ಮುಗಿದ ಮೇಲೆ ಗಂಡಸರಿಬ್ಬರೂ ಕೈಗೆ ಕೈ ತಟ್ಟಿದರೆ ಸಂಬಂಧ ಗಟ್ಟಿ, ಮದುವೆ ಈಸ್ಟರ್ ಕಳೆದ ಮೇಲೆ.

ಅವತ್ತು ಡೀಲಿಯಾ ಕೋಲ್ಮನ್‌ನ ಹಿಂದಿನ ಬೆಂಚಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ಎಲ್ಲರೂ ಮೊಣಕಾಲೂರಿ ತಲೆ ಬಗ್ಗಿಸಿದಾಗ ಅವಳ ಕೈ ಮುಂದೆ ಹೋಯಿತು. ಗೀಟು ಎಳೆಯುತ್ತಾಳೆಂದುಕೊಂಡೆ. ಅವಳು ಸುತ್ತು ಬರೆದಳು, ಒಳಗೆ ಕತ್ತರಿ ಹಾಕಿದಳು. ನಗು ತಡೆಯಲು ನಾನು ಜಪಸರ ಕಚ್ಚಿ ಹಿಡಿದೆ, ದೇವರು ಕ್ಷಮಿಸಲಿ.

ಹೊರಗೆ ಕೋಲ್ಮನ್‌ನ ಬೆನ್ನು ನೋಡಿದವರೆಲ್ಲ ಬಂದು ಅವನ ಕೈ ಕುಲುಕಿದರು. ಯಾಕೆಂದು ಅವನಿಗೆ ತಿಳಿಯಲಿಲ್ಲ. ಸಂಕೋಚದ ಪ್ರಾಣಿ, ಕೇಳಲೂ ಇಲ್ಲ. ಆಸ್ಟಿನ್ ಸಂತೆಯಲ್ಲೇ ತಲೆ ನರೆತವನು. ಬೆನ್ನು ನೋಡಿದವನೇ ನೇರ ಫೆಸ್ಟಸ್‌ನ ಹತ್ತಿರ ಬಂದ.

“ಬೇರೆ ಕಡೆ ಮುಗಿಸಿದ್ರೆ ಮೊದಲೇ ಹೇಳಬಾರದಿತ್ತಾ ಮಾರಾಯ? ನಿನ್ನ ಗುರುತು ಬಿದ್ದ ಮೇಲೆ ನಡುವೆ ಬರೋನಲ್ಲ ನಾನು.”

ಟೋಪಿ ಸರಿಮಾಡಿಕೊಂಡು ಹೊರಟೇಹೋದ. ಫೆಸ್ಟಸ್ ಕೋಲ್ಮನ್‌ನ ಭುಜ ಹಿಡಿದು ತಿರುಗಿಸಿ ನೋಡಿದ. ಮುಖ ಕೆಂಪೇರಿತು. ಇದು ಯಾರ ಕೆಲಸವೆಂದು ಗುಡುಗುತ್ತಾ ಒರೆಸಲು ಕೈ ಎತ್ತಿದ. ಡೀಲಿಯಾ ಸುಣ್ಣ ಮೆತ್ತಿದ ಬೆರಳು ತೋರಿಸಿದಳು.

“ನಿನ್ನ ಗುರುತು ನೀನೇ ಅಳಿಸ್ತೀಯೇನಪ್ಪಾ? ಅಳಿಸೋದಾದ್ರೆ ಇಲ್ಲೇ ಅಳಿಸು, ಎಲ್ಲರೂ ನೋಡ್ಲಿ.”

ಸಂತೆಗೆ ಬರುವ ಗಂಡಸರೆಲ್ಲ ಸುತ್ತ ನಿಂತಿದ್ದರು. ಫೆಸ್ಟಸ್ ಎತ್ತಿದ ಕೈ ಇಳಿಸಿದ.

“ದನ ತಗೊಳ್ಳೋ ಮುಂಚೆ ಹಲ್ಲಾದ್ರೂ ನೋಡ್ತಿದ್ದೆ,” ಎಂದು ಗೊಣಗಿದ.

ಆರು ವರ್ಷ ಬಾಯಿ ಬಿಡದ ಕೋಲ್ಮನ್ ಆಗ ಬಾಯಿ ಬಿಟ್ಟ.

“ನೋಡ್ಕೊಳ್ಳಿ, ಮಾವ.”