ಚೀಲದಲ್ಲೇ ಉಳಿದ ಪ್ರಶ್ನೆಪಟ್ಟಿ

ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಸಮಾಜಕಾರ್ಯ ಕಲಿಸುವ ಲಕ್ಷ್ಮೀಪತಿ ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತ್ತು. ವಿದ್ಯಾರ್ಥಿನಿ ಮಂಗಳಾಳ ಕೆಲಸ ನೋಡಲೆಂದು ಹೊಸೂರಿನಿಂದ ಗುಮ್ಮಳಾಪುರಕ್ಕೆ ಬಂದರೆ, ಅವಳು ಮುನಿರತ್ನಮ್ಮನೆಂಬ ಮುದುಕಿಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು! ಮುದುಕಿಯ ಮೊಮ್ಮಗಳು ಶಾಲೆ ಬಿಟ್ಟಿದ್ದೇಕೆಂದು ಕೇಳಿಕೊಂಡು ಬರಬೇಕಿತ್ತು. ಹಿಂದೆ ಬಂದ ಮೂವರು ವಿದ್ಯಾರ್ಥಿಗಳಿಗೂ ಮುದುಕಿ ಬಾಯಿ ಬಿಟ್ಟಿರಲಿಲ್ಲ. ಇವಳೋ, ಪ್ರಶ್ನೆಪಟ್ಟಿಯನ್ನು ಚೀಲದಿಂದ ಹೊರಗೇ ತೆಗೆದಿಲ್ಲ.

ಒಂದು ಗಂಟೆಯಾಯಿತು. ಅಂಗಳದಲ್ಲೇ ನಿಂತಿದ್ದ ಮೇಷ್ಟ್ರು ಸೊನ್ನೆ ಹಾಕಲೆಂದೇ ಪೆನ್ನು ತೆಗೆದರು. ಆಗ ಮುದುಕಿ ತಲೆಯೆತ್ತದೆ ಹೇಳಿದಳು:

"ಇಸ್ಕೂಲು ಬಿಡ್ಸಿದ್ದು ನಾನೇ ಕಣವ್ವ. ಬಸ್ಸಲ್ಲಿ ಯಾರೋ ಚುಡಾಯ್ಸುದ್ರಂತೆ. ಯಾರ ತಾವ ಯೋಳ್ಳಿ? ಎದ್ರುಕೊಂಬುಟ್ಟೆ."

ಮಂಗಳಾ ಆಗಲೂ ಕಾಗದ ತೆಗೆಯಲಿಲ್ಲ.

"ಸೋಮವಾರದಿಂದ ಅದೇ ಬಸ್ಸಲ್ಲಿ ಅವಳ ಜೊತೆ ನಾನೂ ಬತ್ತೀನಿ ಅಜ್ಜಿ. ಡ್ರೈವರಣ್ಣನ ತಾವಾನೂ ಮಾತಾಡ್ತೀನಿ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೇಷ್ಟ್ರತ್ತ ನೋಡಿದಳು. "ಇವರ್ಯಾರವ್ವ?"

"ನಂಗೆ ಪಾಠ ಹೇಳ್ಕೊಡೋ ಮೇಷ್ಟ್ರು."

"ಅಂಗಾರೆ ಸುಮ್ಕೆ ಯಾಕ್ ನಿಂತವ್ರೆ? ಅವರ್ಗೂ ಒಸಿ ಸುಲಿಯೋದು ಕಲ್ಸು."

ಮೇಷ್ಟ್ರು ಪೆನ್ನು ಜೇಬಿಗೆ ಸೇರಿಸಿದರು. ಮೊದಲ ಬಹುಮಾನ ತಗೊಳ್ಳಲು ಹೋಗುವವರ ಹಾಗೆ ಎದೆಯುಬ್ಬಿಸಿಕೊಂಡು ಜಗಲಿ ಹತ್ತಿ, ಶಿಷ್ಯೆಯ ಪಕ್ಕ ಕೂತು ಮೊರಕ್ಕೆ ಕೈ ಹಾಕಿದರು.