ಐದು ಗಂಟೆಯ ಕೈ

ಚಂದ್ರಯ್ಯ ಪೆಟ್ಟಿಗೆಯ ಮೂರನೆಯ ಮೊಳೆ ಕಿತ್ತಾಗ ಹಲಗೆ ಕಿರ್ರೆಂದಿತು. ಪಡಸಾಲೆಯ ಭಜನೆ ಒಂದು ಕ್ಷಣ ತಡವರಿಸಿ ಮತ್ತೆ ಮುಂದುವರಿಯಿತು. ಎದುರಿನ ಗೋಡೆಗೆ ಒರಗಿಸಿ ಕೂರಿಸಿದ್ದ ಶಿವಶಂಕರಪ್ಪ, ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ತನ್ನ ಹೊಸ ರೇಡಿಯೋ ಸೆಟ್ಟು ಬಿಚ್ಚುವುದನ್ನು ತಾನೇ ನೋಡುತ್ತ ಕುಳಿತಂತಿತ್ತು.

"ಅತ್ತಿಗಿ, ಹೊತ್ತು ಮುಳುಗೋದ್ರಾಗ ಮಣ್ಣು ಮಾಡಬೇಕು," ಎಂದ ಸತ್ತವನ ತಮ್ಮ ಆಶಪ್ಪ. "ಕುಣಿ ತೋಡಿ ಆಗೈತಿ, ಅಯ್ಯನೋರು ಬಂದು ಎರಡು ತಾಸಾತು. ರೇಡಿಯೋ ಕೇಳೋ ಹೊತ್ತೇನ್ರಿ ಇದು?"

ಗುರಮ್ಮ ಗಂಡನ ಮಗ್ಗುಲಿನಿಂದ ಏಳಲಿಲ್ಲ. "ಐದಕ್ಕ ನನ್ನ ಮಗ ಮಾತಾಡ್ತಾನ. ಅಪ್ಪ ಹೋದ ಅಂತ ಅವಗ ಹೇಳಬೇಕು. ಹೇಳೋತನ ಯಾರೂ ಎತ್ತಬ್ಯಾಡ್ರಿ. ಎತ್ತಿದ್ರ ನನ್ನೂ ಅದ ಕುಣ್ಯಾಗ ಕುಂದರಿಸ್ರಿ."

ಗುರಮ್ಮನ ಮಗಳು ಮಹಾಂತಮ್ಮ ಚಂದ್ರಯ್ಯನಿಗೆ ತಂತಿ ಹಿಡಿದುಕೊಟ್ಟು ನಿಂತಿದ್ದಳು. ಐದಕ್ಕೆ ಯಾರೂ ಮಾತಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

*

ಶಿವಶಂಕರಪ್ಪ ಮೂವತ್ತು ವರ್ಷ ನಾರಾಯಣಪೇಟೆಯಲ್ಲಿ ಟೆಲಿಗ್ರಾಂ ಬಡಿಯುವ ತಾರ್ ಬಾಬು. ಆಫೀಸಿನಲ್ಲಿ ಹಗಲೆಲ್ಲ ಬಡಿದದ್ದು ಸಾಲದೆಂಬಂತೆ, ಲೈಸೆನ್ಸು ತೆಗೆಸಿ ಮನೆಯಲ್ಲೂ ಒಂದು ರೇಡಿಯೋ ಸೆಟ್ಟು ಇಟ್ಟಿದ್ದ. ಗದ್ವಾಲ ಸ್ಟೇಷನ್ನಿನ ತಾರ್ ಬಾಬು ಚಂದ್ರಯ್ಯನಿಗೂ ಇವನಿಗೂ ವರ್ಷಕ್ಕೊಮ್ಮೆ ಪಂದ್ಯ: ಒಂದು ತಿಂಗಳಲ್ಲಿ ಯಾರು ಹೆಚ್ಚು ದೇಶ ಹಿಡಿಯುತ್ತಾರೆ ಅಂತ. ಬಡಿತ ಕೇಳಿತೆಂದು ಆ ದೇಶಗಳಿಂದ ಬಂದ ಕಾರ್ಡುಗಳು ದೇವರ ಗೂಡಿನ ಸುತ್ತ ಗೋಡೆ ತುಂಬಿದ್ದವು.

ಮಕ್ಕಳಿಬ್ಬರಿಗೂ ಅಕ್ಷರಗಳನ್ನು ಗಿಡ್ಡ-ಉದ್ದ ಬಡಿತಗಳಾಗಿ ಕಳಿಸುವ ಆ ಕಟ್ಟ-ಕಡ ಭಾಷೆ ಕಲಿಸಿದ್ದ. "ದನಿ ಇದ್ದಂಗ ಬಡಿಯೋ ಕೈನೂ. ಒಬ್ಬರದು ಇನ್ನೊಬ್ಬರಿಗೆ ಬರಂಗಿಲ್ಲ," ಎನ್ನುತ್ತಿದ್ದ. ಮಗ ದೇವೇಂದ್ರಪ್ಪ ಪ್ರತಿ ಮಾತಿನ ಕೊನೆಯ ಬಡಿತವನ್ನು ಎಳೆಯುತ್ತಿದ್ದ. "ಮಂಚ ಎಳದಂಗ ಎಳೀತಾನ ನೋಡು," ಎಂದು ಒಂದಕ್ಷರ ಬಾರದ ಗುರಮ್ಮನೂ ಒಲೆಯ ಮುಂದಿನಿಂದ ನಗುತ್ತಿದ್ದಳು.

ಆ ಮಗ ಫೌಜು ಸೇರಿ ಸಿಂಗಾಪುರಕ್ಕೆ ಹೋದ. ಸಿಂಗಾಪುರ ಬಿದ್ದ ಮೇಲೆ ಬಂದದ್ದು 'ಪತ್ತೆಯಿಲ್ಲ' ಎಂಬ ಕಾಗದ. ಯುದ್ಧಕಾಲದಲ್ಲಿ ಜಮಾ ಮಾಡಿಕೊಂಡಿದ್ದ ಸೆಟ್ಟನ್ನು ಯುದ್ಧ ಮುಗಿದ ಮೇಲೆ ಸರಕಾರ ವಾಪಸು ಕೊಟ್ಟಿತು. ಅಂದಿನಿಂದ ಶಿವಶಂಕರಪ್ಪ ದಿನಾ ಸಂಜೆ ಐದಕ್ಕೆ ಮಗನಿಗಾಗಿ ಕಿವಿಗೊಟ್ಟು ಕುಳಿತ. ಉಣ್ಣುವುದು ಬಿಟ್ಟ.

ಅಣ್ಣ ಮಾಡಿದ ಸಣ್ಣ ಸೆಟ್ಟೊಂದು ಮಕ್ತಲದ ಗಂಡನ ಮನೆಯಲ್ಲಿ ಮಹಾಂತಮ್ಮನ ಟ್ರಂಕಿನ ತಳದಲ್ಲಿತ್ತು. ಅಪ್ಪ ಒಂದು ಹೊತ್ತಾದರೂ ಉಣ್ಣಲಿ ಎಂದು, ಗಂಡನ ಬಸ್ಸಿನ ಬ್ಯಾಟರಿ ಹಚ್ಚಿ, ದೂರದಿಂದ ಬಂದಂತೆ ಸದ್ದು ಆದಷ್ಟು ಕ್ಷೀಣ ಮಾಡಿ, ಕೊನೆಯ ಬಡಿತ ಎಳೆದು ಅವಳು ಬಡಿದಳು: 'ದೇವೇಂದ್ರ. ಇದ್ದೀನಿ.' ಮರುದಿನ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: "ನಿಮ್ಮಪ್ಪಾರು ರಾತ್ರಿ ಮೂರು ರೊಟ್ಟಿ ಉಂಡ್ರಂತ್ರಿ!"

ಆಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಎಂಟು ತಿಂಗಳು ಬಡಿದಳು. ಹೆಡ್‌ಫೋನಿನ ಒಂದು ಬಟ್ಟಲು ಅಪ್ಪನ ಕಿವಿಗೆ, ಇನ್ನೊಂದು ಅವ್ವನ ಕಿವಿಗೆ. 'ಎಲ್ಲಿದ್ದೀ ಕೂಸೇ?' ಎಂದು ಅಪ್ಪ ಬಡಿದರೆ ಅವಳು ಉತ್ತರ ಕೊಡುತ್ತಿರಲಿಲ್ಲ. ಏನಂತ ಕೊಡಬೇಕು? ಅಪ್ಪ ತಿಳಿದುಕೊಂಡದ್ದು ಒಂದೇ: ತನ್ನ ಹಳೆಯ ಸೆಟ್ಟಿಗೆ ಮಗನನ್ನು ಮುಟ್ಟುವ ತಾಕತ್ತಿಲ್ಲ.

*

"ಸಿಕಂದರಾಬಾದಿನಾಗ ಫೌಜಿನ ಸೆಟ್ಟು ಮಾರಾಕ ಹತ್ಯಾರ," ಎಂದಿದ್ದ ಅಪ್ಪ, ಹೋದ ವಾರ ಅವಳು ತವರಿಗೆ ಬಂದಾಗ. "ಒಂದು ಸಣ್ಣದು. ಬಗಲಾಗ ಇಟಗೊಂಡು ಬರಬಹುದು, ಅದರಾಗ ಮಾತೂ ಆಡಬಹುದು. ಇನ್ನೊಂದು ಬರೇ ಕಟ್ಟ-ಕಡ. ಎರಡಾಳು ಭಾರ. ಆದ್ರ ಸಮುದ್ರ ದಾಟತೈತಿ. ಯಾವುದು ತರಲಿ?"

"ಸಣ್ಣದ ತಗೋ ಯಪ್ಪಾ. ಹತ್ತಿರದಾಗಿಂದನ ಬಡೀತಿರಬಹುದು, ಯಾರಿಗೊತ್ತು?"

"ಹುಚ್ಚಿ. ಹತ್ತಿರ ಇದ್ದಿದ್ರ ಮನಿಗೆ ಬರ್ತಿದ್ದಿಲ್ಲೇನು?"

ನಿಜ ಹೇಳಬೇಕಾದದ್ದು ಆಗಲೇ. ಅವಳು ಬರಿದಾದ ಚರಿಗೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ನಿನ್ನೆ ಮಧ್ಯಾಹ್ನ ಬಸ್ಸಿಳಿದ ಅಪ್ಪ ಹಮಾಲನನ್ನು ಹತ್ತಿರ ಬಿಡಲಿಲ್ಲವಂತೆ. "ನನ್ನ ಮಗನ ದನಿ ಐತಿ ಇದರಾಗ, ನೀ ಕೆಳಗ ಹಾಕೀ," ಎಂದು ತಾನೇ ಹೊತ್ತು ತಂದ. ಹೊಸ್ತಿಲಲ್ಲಿ ಪೆಟ್ಟಿಗೆ ಇಳಿಸಿ, ಅದಕ್ಕೇ ಒರಗಿ ಕುಳಿತವನು ಮತ್ತೆ ಏಳಲಿಲ್ಲ.

*

ಬ್ಯಾಟರಿಗೆ ತಂತಿ ಬಿಗಿಯುತ್ತ ಚಂದ್ರಯ್ಯ ಅವಳಿಗಷ್ಟೇ ಕೇಳುವಂತೆ ಅಂದ: "ಗದ್ವಾಲದಾಗ ನನಗೂ ಕೇಳ್ತಿತ್ತು ತಾಯಿ. ಸಮುದ್ರದ ಆಚಿಂದಲ್ಲ, ಮಗ್ಗುಲದಾಗಿಂದ. ಮುದುಕ ಉಣ್ಣಾಕ ಹತ್ಯಾನ ಅಂತ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಪಾಲೂ ಐತಿ ಇದರಾಗ."

ಗಡಿಯಾರ ಐದು ಹೊಡೆಯಿತು. ಭಜನೆ ನಿಂತಿತು. ಗುರಮ್ಮ ಹೆಡ್‌ಫೋನಿನ ಎರಡೂ ಬಟ್ಟಲು ತನ್ನ ಕಿವಿಗೇ ಒತ್ತಿಕೊಂಡಳು. ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬಿಟ್ಟರೆ ಏನೂ ಇಲ್ಲ.

"ಇವತ್ತ್ಯಾಕ ಸುಮ್ಮನದಾನ? ನೀನ ಬಡಿ ಮಹಾಂತವ್ವ. ಅಪ್ಪ ಹೋದ ಅನ್ನು. ಲಗೂ ಬಾ ಅನ್ನು."

"ಯವ್ವಾ..."

"ಬಡಿ!"

ಮಹಾಂತಮ್ಮ ಬಡಿಯುವ ಗುಂಡಿಯ ಮೇಲೆ ಬೆರಳಿಟ್ಟಳು. ಹಳೆಯ ಸೆಟ್ಟಿನಲ್ಲಿ ಇಲ್ಲದ್ದೊಂದು ಈ ಹೊಸದರಲ್ಲಿತ್ತು: ಇಲ್ಲಿ ಬಡಿದದ್ದು ಇಲ್ಲಿಯ ಹೆಡ್‌ಫೋನಿನಲ್ಲೂ ಕೇಳುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. 'ಅಪ್ಪ' ಎಂದು ಬಡಿದಳು. ಎಂಟು ತಿಂಗಳಿಂದ ಅಣ್ಣನ ಕೈಯಲ್ಲಿ ಬಡಿದ ಬೆರಳು ತನ್ನ ಕೈ ಮರೆತಿತ್ತು. ಕೊನೆಯ ಬಡಿತ ತಾನಾಗಿಯೇ ಎಳೆದುಕೊಂಡಿತು.

"ಬಂದಾ!" ಗುರಮ್ಮ ಗಂಡನ ತಣ್ಣನೆಯ ತೋಳು ಹಿಡಿದು ಅಲುಗಿಸಿದಳು. "ಕೇಳ್ರೀ, ಬಂದಾ ನನ ಕೂಸು! ಮಂಚ ಎಳದಂಗ..."

ಅವಳ ಕಣ್ಣು ಮಗಳ ಬೆರಳಿನ ಮೇಲೆ ಬಿತ್ತು. ಬೆರಳು ಎದ್ದಿತು. ಸದ್ದು ನಿಂತಿತು.

"ಮತ್ತೊಮ್ಮೆ ಬಡಿ," ಎಂದಳು ಮೆಲ್ಲಗೆ.

ಮಹಾಂತಮ್ಮ ಬೆರಳು ಒತ್ತಿದಳು. ಅದೇ ಸದ್ದು ಮತ್ತೆ ಅವ್ವನ ಕಿವಿಗೆ ಬಂತು.

ಗುರಮ್ಮ ಆ ಬೆರಳನ್ನೇ ನೋಡಿದಳು. ಆಮೇಲೆ ಹೆಡ್‌ಫೋನು ತೆಗೆದು ಗಂಡನ ಮಡಿಲಲ್ಲಿ ಇಟ್ಟಳು.

"ಎತ್ರಿ," ಎಂದಳು ಆಶಪ್ಪನಿಗೆ.

ನಾಲ್ವರು ಎತ್ತಿದರು. ಮಡಿಲಲ್ಲಿದ್ದ ಹೆಡ್‌ಫೋನಿನ ತಂತಿ ಸುರುಳಿ ಬಿಚ್ಚಿಕೊಳ್ಳುತ್ತ ಹೆಣದ ಹಿಂದೆ ಹೊರಟಿತು. ಮಹಾಂತಮ್ಮನ ಬೆರಳು ಇನ್ನೂ ಗುಂಡಿಯ ಮೇಲಿಂದ ಎದ್ದಿರಲಿಲ್ಲ. ಹೊಸ್ತಿಲಲ್ಲಿ ತಂತಿ ಬಿಗಿದು ಕಿತ್ತುಬರುವ ತನಕ ಶಿವಶಂಕರಪ್ಪನ ಮಡಿಲಿನಿಂದ ಆ ಒಂದೇ ಉದ್ದನೆಯ ಸದ್ದು ಕೇಳುತ್ತಲೇ ಇತ್ತು.