ಮುಥಿಗ ಮರಕ್ಕೂ ದೂರದ ಸಂಬಂಧ ಬೇಕು

ನ್ಯಾಗುಥಿ ಅಜ್ಜಿ ಹೊಲದಂಚಿಗೆ ನೆಟ್ಟ ನಲವತ್ತು ಮುಥಿಗ ಸಸಿಗಳೂ ಒಂದೇ ವಾರದಲ್ಲಿ ಎಲೆ ಉದುರಿಸಿ ಒಣಗಿದವು. ಕೆಮ್ಮು, ಹಲ್ಲುನೋವು ಏನೇ ಬರಲಿ, ನ್ಯೇರಿ ಪಟ್ಟಣದ ಕಡೆಯ ಗುಡ್ಡದ ಜನ ಅಗಿಯುವುದು ಈ ಮರದ ಖಾರದ ತೊಗಟೆಯನ್ನೇ. ಸುಲಿದೂ ಸುಲಿದೂ ಊರಲ್ಲಿ ಉಳಿದದ್ದು ಅಜ್ಜಿಯ ಅತ್ತೆ ನೆಟ್ಟಿದ್ದ ಒಂದೇ ಮುದಿಮರ. ಅದೂ ಹೋದರೆ ಮೊಮ್ಮಕ್ಕಳಿಗೆ ಮದ್ದಿಲ್ಲ. ಅಜ್ಜಿಗೆ ಅಳುವೇ ಬಂತು.

ಮಹಿಳಾ ಗುಂಪಿನ ಸಸಿಮಡಿ ನೋಡಿಕೊಳ್ಳುವ ವಂಜೇರಿ ಬಂದು ಉದುರಿದ ಎಲೆ ತಿರುವಿ ನೋಡಿದಳು.

“ಬೀಜ ಎಲ್ಲಿಂದ ತಂದ್ರಿ, ಅಜ್ಜಿ?”

“ನಮ್ಮತ್ತೆ ಮರದ್ದೇ. ಕಂಡೋರ ಮರದ್ದು ನಾನ್ಯಾಕೆ ತರ್ಲಿ?”

“ಎಲ್ಲಾ ಒಂದೇ ತಾಯಿ ಮಕ್ಕಳು. ಒಂದಕ್ಕೆ ತಡೆಯೋ ಶಕ್ತಿ ಇಲ್ಲಾಂದ್ರೆ ಮಿಕ್ಕಿದ್ದಕ್ಕೂ ಇಲ್ಲ. ರೋಗ ಬಂತು, ಗುಡಿಸ್ಕೊಂಡು ಹೋಯ್ತು.”

“ಓಹೋ! ಮರಕ್ಕೂ ಹೆಣ್ಣು ಗಂಡು ನೋಡಿ ಮದುವೆ ಮಾಡಿಸ್ಬೇಕೇನು?”

ವಂಜೇರಿ ನಕ್ಕಳು. “ಮನೇಲೇ ಹೋತ ಇದ್ರೂ ನಿಮ್ಮ ಆಡನ್ನ ಮೂರು ಗುಡ್ಡ ದಾಟಿ ಹೊಡ್ಕೊಂಡು ಹೋದ್ರಲ್ಲ, ಯಾಕೆ?”

“ಆ ಹೋತ ಅದರ ಮಗ ಕಣೇ! ಹುಟ್ಟೋ ಮರಿ ಬಾಳಲ್ಲ. ನಾವೇ ಸ್ವಂತ ಕುಲದಲ್ಲಿ ಹೆಣ್ಣು ತರಲ್ಲ, ಅಂಥಾದ್ದರಲ್ಲಿ…” ಅಜ್ಜಿ ಒಣಗಿದ ಸಸಿಗಳತ್ತ ತಿರುಗಿದಳು. “ಹಂಗಾದ್ರೆ ಮಸಾಯಿ ಸೀಮೆಯಿಂದ ತರಿಸೋಣ್ವಾ?” ಎಂದಳು.

“ಅಷ್ಟು ದೂರ ಬೇಡ. ಅಲ್ಲಿನ ಮರ ಬಿಸಿಲಿಗೆ ಪಳಗಿದ್ದು, ನಮ್ಮ ಚಳಿ ಒಗ್ಗದೇ ಹೋಗ್ಬಹುದು. ಆ ಸೀಮೆ ತಳಿ ಅಲ್ಲೇ ಉಳೀಲಿ. ನಾವು ನಮ್ಮ ಸುತ್ತಿನ ಕಾಡುಗಳಲ್ಲೇ, ದೂರ ದೂರ ಇರೋ ಮೂವತ್ತು ಮರದಿಂದ ಸ್ವಲ್ಪ ಸ್ವಲ್ಪ ಬೀಜ ಆರಿಸೋಣ.”

“ನಮ್ಮತ್ತೆ ಮರದ್ದು?”

“ಅದೂ ಇರ್ಲಿ. ಅದೊಂದೇ ಬೇಡ.”

ಸೊಂಟ ಹಿಡಿದುಕೊಂಡೇ ಅಜ್ಜಿ ಗುಂಪಿನ ಹೆಂಗಸರೊಂದಿಗೆ ಕಾಡು ಸುತ್ತಿದಳು. ದೊಡ್ಡ ಮಳೆಗೆ ಮತ್ತೆ ನಲವತ್ತು ಸಸಿ ನೆಟ್ಟರು. ಎರಡನೆಯ ವರ್ಷ ಅದೇ ರೋಗ ಬಂತು. ಹನ್ನೊಂದು ಸತ್ತವು. ಅವುಗಳಲ್ಲಿ ಅತ್ತೆಯ ಮರದವೇ ಹೆಚ್ಚು. ಮಿಕ್ಕವು ಜಗ್ಗಲಿಲ್ಲ.

ಅಜ್ಜಿ ಸತ್ತ ಸಸಿಗಳನ್ನು ಕಿತ್ತು ಮಣ್ಣು ಕೊಡವಿದಳು. “ಅತ್ತೆ ಬೈದ್ರೆ ಬೈಯ್ಲಿ ಬಿಡು, ಮಕ್ಕಳಿಗೆ ಮದ್ದು ಉಳೀತಲ್ಲ.”

ಅಕ್ಕಂದಿರೇ, ಅಣ್ಣಂದಿರೇ, ಮದ್ದಿನ ಮರ ನೆಡಲು ಹೊರಟಿದ್ದೀರಾ? ನಿಮ್ಮ ಚೀಲದಲ್ಲಿ ಎಷ್ಟು ಮರಗಳ ಬೀಜವಿದೆ, ಒಮ್ಮೆ ಎಣಿಸಿ. ಒಂದೇ ಮರದ್ದಾದರೆ ಮನೆಗೆ ತಿರುಗಬೇಡಿ, ಇನ್ನೊಂದು ಗುಡ್ಡ ಹತ್ತಿ.